ಹೆಸರು ಬದಲಾದರೆ ಹೊಣೆ ಯಾರದು? ಕೊಯಮತ್ತೂರು–ತಿರುಪ್ಪೂರು ಸೀಮೆಯ ಪ್ಯಾಸೆಂಜರ್ ರೈಲು, ಪ್ರಯಾಣಿಕ ಮತ್ತು ರೈಲ್ವೆ ಕೆಲಸಗಾರ

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೇನೆ. ನಾನು ಕನ್ನಡ ಸಾಹಿತ್ಯದ ಸ್ನಾತಕೋತ್ತರ ತರಗತಿಯಲ್ಲಿ ಓದ್ತಿರೋದು. ಸಾಹಿತ್ಯ ಓದುವವರಿಗೆ ರೈಲ್ವೆ ಕಾಯ್ದೆ ಯಾಕೆ ಬೇಕು ಅಂತ ನಿಮಗೆ ಅನ್ನಿಸಬಹುದು. ಒಂದು ಪದ ಎಲ್ಲಿ ನಿಂತರೆ ಏನು ಅರ್ಥ ಕೊಡುತ್ತೆ ಅಂತ ನೋಡೋದೇ ನಮ್ಮ ಕೆಲಸ. ಕವಿತೆಯಲ್ಲಿ ಪದದ ಅರ್ಥ ಬದಲಾದರೆ ನಾವು ಚರ್ಚೆ ಮಾಡ್ತೇವೆ. ರೈಲಿನಲ್ಲಿ ಪದ ಬದಲಾದರೆ ಯಾರದೋ ಜೇಬಿನಿಂದ ದುಡ್ಡು ಹೋಗುತ್ತೆ, ಇಲ್ಲವೇ ಯಾರದೋ ಮನೆಗೆ ಬರಬೇಕಾದ ಪರಿಹಾರ ನಿಂತುಹೋಗುತ್ತೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ರೈಲ್ವೆಯಲ್ಲಿ ಖರ್ಚು ಯಾರದು, ಹೊಣೆ ಯಾರದು ಎಂಬುದನ್ನು ಬಹಳ ಸಲ ತೀರ್ಮಾನಿಸುವುದು ಒಂದು ಹೆಸರು.

ಉದಾಹರಣೆಗೆ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳನ್ನು ತೆಗೆದುಕೊಂಡಿದ್ದೇನೆ. ಈ ಸೀಮೆ ನಮಗೆ ಹೊಸತೇನಲ್ಲ. 1799ರವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಒಂದು ಬಗೆಯ ಕನ್ನಡವೇ ಮನೆಮಾತು. ರೈಲಿನ ದೃಷ್ಟಿಯಿಂದಲೂ ಇದು ಹಳೆಯ ಜಾಗ. ಮದ್ರಾಸಿನಿಂದ ಪಶ್ಚಿಮ ಕರಾವಳಿಯ ಬೇಪೂರಿಗೆ ಹಾಕಿದ ಹಳಿ ಪೋತನೂರಿನ ಮೇಲೆಯೇ ಹೋಗಿ 1862ರಲ್ಲಿ ಪೂರ್ತಿಯಾಯಿತು. ಇಂದು ಕೊಯಮತ್ತೂರು, ತಿರುಪ್ಪೂರು ನಿಲ್ದಾಣಗಳು ಸೇಲಂ ವಿಭಾಗದಲ್ಲಿವೆ. ಈ ವಿಭಾಗ ಹುಟ್ಟಿದ್ದು 2007ರ ನವೆಂಬರ್‌ನಲ್ಲಿ. ಆದರೆ ಅದೇ ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ. ಅಂದರೆ ಒಂದೇ ಜಿಲ್ಲೆಯ ಜನ ತಮ್ಮ ಅಹವಾಲನ್ನು ಎರಡು ಬೇರೆ ಬೇರೆ ಕಚೇರಿಗಳಿಗೆ ಒಯ್ಯಬೇಕು.

ಒಂದು: ‘ಪ್ಯಾಸೆಂಜರ್’ ಹೋಗಿ ‘ಸ್ಪೆಷಲ್’ ಬಂದದ್ದು

ಪ್ಯಾಸೆಂಜರ್ ಅನ್ನೋ ಪದಕ್ಕೆ ಇಂಗ್ಲಿಷಿನಲ್ಲಿ ಪ್ರಯಾಣಿಕ ಎಂದರ್ಥ. ನಮ್ಮ ಆಡುಮಾತಿನಲ್ಲಿ ಅದು ಒಂದು ಗಾಡಿಯ ಹೆಸರು. ‘ಪ್ಯಾಸೆಂಜರ್‌ಗೆ ಹೋಗ್ತೀಯಾ, ಎಕ್ಸ್‌ಪ್ರೆಸ್‌ಗೆ ಹೋಗ್ತೀಯಾ?’ ಅಂತ ಕೇಳ್ತೇವಲ್ಲ, ಹಾಗೆ. ಎಲ್ಲ ಸಣ್ಣ ಸ್ಟೇಷನ್‌ಗಳಲ್ಲೂ ನಿಲ್ಲುವ, ಕಡಿಮೆ ದರದ ಗಾಡಿ ಎಂಬ ತಿಳಿವಳಿಕೆ ಆ ಹೆಸರಿನೊಳಗೇ ಇದೆ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ದೇಶದ ಎಲ್ಲ ಪ್ರಯಾಣಿಕ ರೈಲುಗಳೂ ನಿಂತವು. ಮತ್ತೆ ಓಡತೊಡಗಿದಾಗ ಅವುಗಳ ಹೆಸರು ‘ಸ್ಪೆಷಲ್’ ಎಂದಾಗಿತ್ತು, ಸಂಖ್ಯೆಯ ಮುಂದೆ ಒಂದು ಸೊನ್ನೆ ಸೇರಿತ್ತು. ಗಾಡಿಯೂ ಅದೇ, ಹಳಿಯೂ ಅದೇ, ನಿಲ್ದಾಣಗಳೂ ಬಹುಪಾಲು ಅವೇ. ಆದರೆ ಹೆಸರು ಎಕ್ಸ್‌ಪ್ರೆಸ್ ಸ್ಪೆಷಲ್ ಆದ್ದರಿಂದ ದರವೂ ಎಕ್ಸ್‌ಪ್ರೆಸ್‌ನದ್ದೇ ಆಯಿತು. 10 ರೂಪಾಯಿಯಿದ್ದ ಕನಿಷ್ಠ ಟಿಕೆಟ್ 30 ರೂಪಾಯಿಗೆ ಏರಿತು. 2021ರ ನವೆಂಬರ್‌ನಲ್ಲಿ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳಿಗೆ ಹಳೆಯ ಸಂಖ್ಯೆ ವಾಪಸ್ ಕೊಡುವ ತೀರ್ಮಾನವಾಯಿತು. ಸಣ್ಣ ದೂರದ ಗಾಡಿಗಳಿಗೆ ಹಳೆಯ ಸಾಮಾನ್ಯ ದರ ಮರಳಿದ್ದು ಮಾತ್ರ 2024ರ ಫೆಬ್ರವರಿ ಕೊನೆಯಲ್ಲಿ.

ಕೊಯಮತ್ತೂರಿನಿಂದ ತಿರುಪ್ಪೂರಿಗೆ ರೈಲಿನಲ್ಲಿ ಸುಮಾರು 50 ಕಿಲೋಮೀಟರ್. ದಿನಾ ಹೋಗಿ ಬರುವವರಲ್ಲಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ದುಡಿಯುವವರೂ ಇದ್ದಾರೆ. ಒಂದೆರಡು ನಿಲ್ದಾಣದಷ್ಟೇ ದೂರ ಹೋಗುವವರಿಗೆ ದಿನಕ್ಕೆ ಎರಡು ಸಲ 20 ರೂಪಾಯಿ ಹೆಚ್ಚು ಅಂದರೆ 40 ರೂಪಾಯಿ. ತಿಂಗಳಿಗೆ 25 ದಿನ ಹಿಡಿದರೆ 1,000 ರೂಪಾಯಿ. ದರಪಟ್ಟಿಯನ್ನು ಯಾರೂ ತಿದ್ದಲಿಲ್ಲ, ಗಾಡಿಯ ಹೆಸರನ್ನಷ್ಟೇ ತಿದ್ದಿದರು ಅನ್ನೋದನ್ನ ಗಮನಿಸಿ.

ಇದೇ ಹೊತ್ತಿನಲ್ಲಿ ಮೇಲಿನ ದರ್ಜೆಯ ಸೇವೆ ಬೆಳೆಯಿತು. ಕೊಯಮತ್ತೂರು–ಬೆಂಗಳೂರು ನಡುವೆ 2018ರ ಜೂನ್‌ನಲ್ಲಿ ಉದಯ್ ಎಕ್ಸ್‌ಪ್ರೆಸ್ ಬಂದಿತ್ತು. 2023ರ ಏಪ್ರಿಲ್‌ನಲ್ಲಿ ಚೆನ್ನೈಗೆ, ಡಿಸೆಂಬರ್ 30ರಂದು ಬೆಂಗಳೂರಿಗೆ ವಂದೇ ಭಾರತ್ ಶುರುವಾಯಿತು. ಬೆಂಗಳೂರಿನಲ್ಲಿರುವ ನಮ್ಮಂಥವರಿಗೆ ಇದು ಅನುಕೂಲವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೊಳ್ಳಾಚಿ ಕಡೆಯವರ ಅನುಭವ ಬೇರೆ. ಮೀಟರ್ ಗೇಜ್ ಹಳಿ ತೆಗೆದು ಬ್ರಾಡ್ ಗೇಜ್ ಹಾಕಿ ಪೋತನೂರು–ಪೊಳ್ಳಾಚಿ ಮಾರ್ಗ ಮತ್ತೆ ತೆರೆದದ್ದು 2017ರಲ್ಲಿ. ಹಳಿ ಅಗಲವಾಯಿತು. ಮೀಟರ್ ಗೇಜ್ ಕಾಲದ ಗಾಡಿಗಳನ್ನೆಲ್ಲ ವಾಪಸ್ ಕೊಡಿ ಎಂಬ ಬೇಡಿಕೆ ಮಾತ್ರ ಆ ಭಾಗದಲ್ಲಿ ಇನ್ನೂ ಉಳಿದಿದೆ.

ಎರಡು: ಕಾನೂನಿನಲ್ಲಿ ‘ಪ್ರಯಾಣಿಕ’ ಯಾರು?

ಈಗ ಅಪಘಾತದ ವಿಷಯಕ್ಕೆ ಬರೋಣ. ಮೂವರನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಇವರು ನಿಜವಾದ ವ್ಯಕ್ತಿಗಳಲ್ಲ, ಲೆಕ್ಕಕ್ಕಾಗಿ ಕಲ್ಪಿಸಿಕೊಂಡವರು. ಮೊದಲನೆಯವರು ತಿರುಪ್ಪೂರಿಗೆ ಹೋಗುವ ಬನಿಯನ್ ಕಾರ್ಮಿಕೆ. ಎರಡನೆಯವರು ಹಳಿ ನೋಡಿಕೊಳ್ಳುವ ರೈಲ್ವೆಯ ಟ್ರ್ಯಾಕ್‌ಮನ್, ನಮ್ಮ ಹಳೆಯ ಮಾತಿನಲ್ಲಿ ಗ್ಯಾಂಗ್‌ಮನ್. ಮೂರನೆಯವರು ಗುತ್ತಿಗೆದಾರನ ಕೈಕೆಳಗೆ ಬೋಗಿ ತೊಳೆಯುವವರು.

ಬನಿಯನ್ ಕಾರ್ಮಿಕೆ ನೂಕುನುಗ್ಗಲಿನಲ್ಲಿ ಗಾಡಿಯಿಂದ ಬಿದ್ದರು ಅನ್ನಿ. ರೈಲ್ವೆ ಕಾಯ್ದೆ 1989ರ ಕಲಂ 124ಎ ಇದಕ್ಕೆ ಅನ್ವಯಿಸುತ್ತದೆ. ಪ್ರಯಾಣಿಕರ ಗಾಡಿಯಿಂದ ಆಕಸ್ಮಿಕವಾಗಿ ಬೀಳುವುದನ್ನು ಕಾಯ್ದೆ ‘ಅಹಿತಕರ ಘಟನೆ’ ಎಂದು ಕರೆಯುತ್ತದೆ. ರೈಲ್ವೆಯ ತಪ್ಪಿದೆ ಅಂತ ಸಾಬೀತು ಮಾಡಬೇಕಾಗಿಲ್ಲ. ತಪ್ಪಿರಲಿ, ಇಲ್ಲದಿರಲಿ, ಪರಿಹಾರ ಕೊಡಬೇಕು. ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ಸ್ವಂತ ಅಪರಾಧ ಕೃತ್ಯ, ಅಮಲು ಅಥವಾ ಬುದ್ಧಿಭ್ರಮೆಯಲ್ಲಿ ಮಾಡಿದ ಕೃತ್ಯ, ಸಹಜ ಕಾಯಿಲೆ ಇವು ಮಾತ್ರ ಹೊರಗೆ. 2017ರ ಜನವರಿ 1ರಿಂದ ಸಾವಿಗೆ ಕೊಡುವ ಮೊತ್ತ 4 ಲಕ್ಷದಿಂದ 8 ಲಕ್ಷ ರೂಪಾಯಿಗೆ ಏರಿತು.

ಓಡುವ ಗಾಡಿ ಹತ್ತಲು ಹೋಗಿ ಬಿದ್ದರೆ ಅದು ‘ತಾನೇ ಮಾಡಿಕೊಂಡ ಗಾಯ’ ಅಲ್ಲವೇ? ರೈಲ್ವೆ ಬಹಳ ಪ್ರಕರಣಗಳಲ್ಲಿ ಹಾಗೆ ವಾದಿಸಿದೆ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ಹತ್ತುವಾಗ ಬೀಳುವುದೂ ಗಾಡಿಯಿಂದ ಬೀಳುವುದೇ ಎಂದು ಹೇಳಿತು. 2018ರ ರೀನಾ ದೇವಿ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು: ಅಜಾಗರೂಕತೆ ಬೇರೆ, ಬೇಕೆಂದೇ ಮಾಡಿಕೊಂಡ ಗಾಯ ಬೇರೆ. ಮೃತದೇಹದ ಬಳಿ ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ. ಹಾಗೆಯೇ, ಹಳಿಯ ಮೇಲೆ ದೇಹ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಆತ ಪ್ರಯಾಣಿಕನೇ ಆಗಿದ್ದ ಎಂದೂ ಹೇಳುವಂತಿಲ್ಲ.

ಇಲ್ಲೇ ನನಗೆ ಅಚ್ಚರಿಯಾದ ಒಂದು ಸಾಲಿದೆ. ಕಲಂ 124 ಮತ್ತು 124ಎಗೆ ಕೊಟ್ಟಿರುವ ವಿವರಣೆಯಲ್ಲಿ ‘ಪ್ರಯಾಣಿಕ’ ಎಂಬ ಪದದೊಳಗೆ ‘ಕರ್ತವ್ಯದಲ್ಲಿರುವ ರೈಲ್ವೆ ನೌಕರ’ನನ್ನೂ ಸೇರಿಸಿದ್ದಾರೆ. ಗಾಡಿಯೊಳಗೆ ಕೆಲಸ ಮಾಡುವ ಗಾರ್ಡ್, ಟಿಕೆಟ್ ಪರೀಕ್ಷಕ ಕೂಡ ಪರಿಹಾರದ ಮಟ್ಟಿಗೆ ಪ್ರಯಾಣಿಕರೇ. ಪದ ಹಿಗ್ಗಿದಾಗ ಹೊಣೆಯೂ ಹಿಗ್ಗುತ್ತೆ ಅಂದದ್ದು ಇದಕ್ಕೇ.

ಮೂರು: ಹಳಿಯ ಮೇಲಿರುವವರು, ಗುತ್ತಿಗೆಯವರು

ಟ್ರ್ಯಾಕ್‌ಮನ್‌ಗೆ ಗಾಡಿ ಬಡಿದರೆ? ಅವರು ಗಾಡಿಯಿಂದ ಬಿದ್ದವರಲ್ಲ, ಗಾಡಿಗೆ ಅಪಘಾತವಾದದ್ದೂ ಅಲ್ಲ. ಆದ್ದರಿಂದ ಈ ಹಿಗ್ಗಿದ ಪದವೂ ಅವರನ್ನು ಮುಟ್ಟುವುದಿಲ್ಲ. ಅವರ ದಾರಿ ನೌಕರರ ಪರಿಹಾರ ಕಾಯ್ದೆ 1923. 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ಈಗ ಅದರ ಜಾಗಕ್ಕೆ ಬಂದಿದೆ, ಮೂಲ ತತ್ವ ಮುಂದುವರಿದಿದೆ. ಆ ತತ್ವ ಏನೆಂದರೆ, ಗಾಯ ‘ಕೆಲಸದಿಂದಾಗಿ ಮತ್ತು ಕೆಲಸದ ಅವಧಿಯಲ್ಲಿ’ ಆಗಿದ್ದರೆ ಮಾಲೀಕ ಹೊಣೆ. ಇಲ್ಲೂ ಮಾಲೀಕನ ತಪ್ಪನ್ನು ತೋರಿಸಬೇಕಾಗಿಲ್ಲ. ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದಿದ್ದರೆ ಪರಿಹಾರ ತಪ್ಪಬಹುದು, ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಮಾಲೀಕ ಆ ನೆಪ ಹೇಳುವಂತಿಲ್ಲ.

ಹೋಲಿಕೆಗೆ ಅಮೆರಿಕ ನೋಡಿ. ಅಲ್ಲಿ ರೈಲ್ವೆ ಕೆಲಸಗಾರರಿಗೆ 1908ರಿಂದ ಪ್ರತ್ಯೇಕ ಕಾನೂನಿದೆ. ಅದರ ಪ್ರಕಾರ ಕಂಪನಿಯ ನಿರ್ಲಕ್ಷ್ಯ ಸ್ವಲ್ಪವಾದರೂ ಇತ್ತು ಅಂತ ಕೆಲಸಗಾರ ತೋರಿಸಬೇಕು. ತೋರಿಸಿದರೆ ದೊಡ್ಡ ಮೊತ್ತ ಸಿಗಬಹುದು, ಆಗದಿದ್ದರೆ ಏನೂ ಇಲ್ಲ. ನಮ್ಮಲ್ಲಿ ಬಾಗಿಲು ಸುಲಭವಾಗಿ ತೆರೆಯುತ್ತೆ, ಮೊತ್ತಕ್ಕೆ ಮಾತ್ರ ಸೂತ್ರದ ಮಿತಿಯಿದೆ. 1923ರ ಕಾಯ್ದೆಯ ಲೆಕ್ಕದಲ್ಲಿ 2020ರ ಜನವರಿಯಿಂದ ಸಂಬಳದ ಗರಿಷ್ಠ ಮಿತಿ ತಿಂಗಳಿಗೆ 15,000 ರೂಪಾಯಿ. ಸಾವಿನ ಪ್ರಕರಣದಲ್ಲಿ ಅದರ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 30 ವರ್ಷದವರಿಗೆ ಗುಣಕ 207.98. 7,500ನ್ನು ಅದರಿಂದ ಗುಣಿಸಿದರೆ 15,59,850 ರೂಪಾಯಿ.

ಮೂರನೆಯವರು, ಬೋಗಿ ತೊಳೆಯುವವರು. ‘ರೈಲ್ವೆ ನೌಕರ’ ಅಂದರೆ ಕೇಂದ್ರ ಸರ್ಕಾರ ಅಥವಾ ರೈಲ್ವೆ ಆಡಳಿತ ನೇಮಿಸಿಕೊಂಡವರು ಎಂದು ಕಾಯ್ದೆಯ ವ್ಯಾಖ್ಯೆ. ಗುತ್ತಿಗೆದಾರ ನೇಮಿಸಿದವರನ್ನು ಆ ಮಾತಿನೊಳಗೆ ತರುವುದು ಸುಲಭವಲ್ಲ. ಕಾಯಂ ನೌಕರ ಕರ್ತವ್ಯದಲ್ಲಿ ಅಪಘಾತದಿಂದ ತೀರಿಕೊಂಡರೆ ಕುಟುಂಬಕ್ಕೆ ಏಳನೇ ವೇತನ ಆಯೋಗದ ನಂತರ 25 ಲಕ್ಷ ರೂಪಾಯಿ ಇಡಿಗಂಟು ಸಹಾಯಧನ, ಅನುಕಂಪದ ಆಧಾರದ ಕೆಲಸಕ್ಕೆ ಅರ್ಜಿ ಹಾಕುವ ಅವಕಾಶ ಇದೆ. ಗುತ್ತಿಗೆಯವರಿಗೆ ಇವು ಇಲ್ಲ. ಅವರ ಆಸರೆ 1923ರ ಕಾಯ್ದೆಯ ಕಲಂ 12ರಲ್ಲಿದ್ದ ಮಾತು: ಗುತ್ತಿಗೆ ಕೊಟ್ಟ ಮೂಲ ಮಾಲೀಕನೇ ಪರಿಹಾರ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಇದು ಬಹಳ ಮುಖ್ಯ. ‘ಗುತ್ತಿಗೆದಾರನನ್ನೇ ಕೇಳಿ’ ಎಂಬ ಉತ್ತರ ಕಾನೂನಿನ ಉತ್ತರವಲ್ಲ. ಇಎಸ್‌ಐ ಇರುವವರು ಮಾತ್ರ ಈ ದಾರಿ ಬಿಟ್ಟು ಇಎಸ್‌ಐ ಮೂಲಕವೇ ಹೋಗಬೇಕು.

ನಾಲ್ಕು: ಚಾಲಕನ ಕಣ್ಣು ಮತ್ತು ವ್ಯವಸ್ಥೆಯ ಕಣ್ಣು

ಹೊಣೆ ಅಂದರೆ ಪರಿಹಾರ ಮಾತ್ರ ಅಲ್ಲ, ಆರೋಪವೂ ಹೌದು. 2021ರ ನವೆಂಬರ್ 26ರ ರಾತ್ರಿ ಕೊಯಮತ್ತೂರು ಜಿಲ್ಲೆಯ ನವಕ್ಕರೈ ಬಳಿ ಮಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಬಡಿದು ಮೂರು ಆನೆಗಳು ಸತ್ತವು. ಅರಣ್ಯ ಇಲಾಖೆ ಲೋಕೋ ಪೈಲಟ್‌ಗಳ ಮೇಲೆ ಪ್ರಕರಣ ದಾಖಲಿಸಿತು. ಎಂಜಿನ್‌ನ ವೇಗದ ದಾಖಲೆ ಯಾರ ಕೈಯಲ್ಲಿರಬೇಕು ಅಂತ ಪಾಲಕ್ಕಾಡ್‌ನಲ್ಲಿ ಎರಡು ಇಲಾಖೆಗಳ ನಡುವೆ ಜಟಾಪಟಿಯೇ ಆಯಿತು. ಮದುಕ್ಕರೈ–ವಾಳಯಾರ್ ನಡುವಿನ ಹಳಿ ಕಾಡಿನ ಅಂಚಿನಲ್ಲಿದೆ. ರಾತ್ರಿ ತಿರುವಿನಲ್ಲಿ ಆನೆ ಕಂಡರೂ ಭಾರವಾದ ಗಾಡಿ ಬ್ರೇಕ್ ಹಾಕಿದ ಕೂಡಲೇ ನಿಲ್ಲುವುದಿಲ್ಲ.

2024ರ ಫೆಬ್ರವರಿಯಲ್ಲಿ ತಮಿಳುನಾಡು ಅರಣ್ಯ ಇಲಾಖೆ ಮದುಕ್ಕರೈಯಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ವ್ಯವಸ್ಥೆ ಶುರು ಮಾಡಿತು. ಆನೆ ಹಳಿಯ ಹತ್ತಿರ ಬಂದರೆ ಎಚ್ಚರಿಕೆ ಹೋಗುತ್ತೆ, ರೈಲ್ವೆಗೆ ತಿಳಿಯುತ್ತೆ, ಚಾಲಕ ವೇಗ ತಗ್ಗಿಸುತ್ತಾನೆ. ಆನೆಗಳಿಗೆ ಕೆಳದಾರಿಗಳೂ ಆದವು. ಆನೆ ಉಳಿಯಿತು ಅನ್ನೋದು ಒಂದು ಲಾಭ. ಇನ್ನೊಂದು, ಒಬ್ಬ ಚಾಲಕನ ಕಣ್ಣಿನ ಮೇಲಿದ್ದ ಹೊಣೆ ಒಂದು ವ್ಯವಸ್ಥೆಗೆ ಹಂಚಿಹೋಯಿತು.

ಇದೇ ನೆಲೆಯಲ್ಲಿ 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟ್‌ಗಳು ಮಾಡಿದ ಪ್ರತಿಭಟನೆಯನ್ನೂ ನೋಡಬೇಕು. ಕರ್ತವ್ಯ ಮುಗಿಸಿ ಬಂದ ಮೇಲಿನ 16 ಗಂಟೆ ವಿಶ್ರಾಂತಿ ಬೇರೆ, ವಾರದ 30 ಗಂಟೆ ವಿಶ್ರಾಂತಿ ಬೇರೆ, ಎರಡೂ ಸೇರಿ 46 ಗಂಟೆ ಕೊಡಿ ಎಂಬುದು ಅವರ ಬೇಡಿಕೆ. ಎರಡು ವಿಶ್ರಾಂತಿ ಎರಡೋ ಒಂದೋ? ಇದೂ ಓದಿನ ಪ್ರಶ್ನೆಯೇ. ನಿದ್ದೆಗೆಟ್ಟ ಚಾಲಕನ ಮೇಲೆ ಅಪಘಾತವಾದ ಮೇಲೆ ಆರೋಪ ಹೊರಿಸುವುದಕ್ಕಿಂತ ಮುಂಚೆ ಈ ವಾಕ್ಯವನ್ನು ಸರಿಯಾಗಿ ಓದಬೇಕಿತ್ತು.

ಚಾಟ್‌ನಲ್ಲಿ ಬಂದ ಪ್ರಶ್ನೆಗಳು

‘ಕೆಲಸಕ್ಕೆ ಹೋಗುವ ದಾರಿಯಲ್ಲೇ ಅಪಘಾತವಾದರೆ ಕಾರ್ಖಾನೆ ಹೊಣೆಯೇ?’ ಅಂತ ಒಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರ ಪ್ರಕರಣ ತೀರ್ಮಾನಿಸಿತು. ಅವರು ರಾತ್ರಿ ಪಾಳಿಗೆ ಹೋಗುವಾಗ ದಾರಿಯಲ್ಲಿ ತೀರಿಕೊಂಡಿದ್ದರು. ಸಮಯ, ಜಾಗ, ಸಂದರ್ಭ ಇವಕ್ಕೂ ಕೆಲಸಕ್ಕೂ ನಂಟಿದ್ದರೆ ದಾರಿಯೂ ‘ಕೆಲಸದ ಅವಧಿ’ಯೊಳಗೆ ಬರುತ್ತದೆ ಎಂದಿತು. ಹಾಗಾಗಿ ನಮ್ಮ ಬನಿಯನ್ ಕಾರ್ಮಿಕೆಯ ವಿಷಯದಲ್ಲಿ ರೈಲ್ವೆಯ ಜೊತೆ ಕೆಲಸದ ಕಡೆಯ ಹಕ್ಕನ್ನೂ ವಿಚಾರಿಸಬೇಕಾಗುತ್ತೆ. ಆದರೆ ಒಂದೇ ಅಪಘಾತಕ್ಕೆ ಎರಡು ಸಲ ಪರಿಹಾರ ಕೇಳುವಂತಿಲ್ಲ ಎಂದು ರೈಲ್ವೆ ಕಾಯ್ದೆಯ ಕಲಂ 128 ಹೇಳುತ್ತೆ. ಯಾವ ಬಾಗಿಲು ತಟ್ಟಬೇಕು ಅಂತ ವಕೀಲರನ್ನು ಕೇಳಿಯೇ ನಿರ್ಧರಿಸಿ.

‘ಕುಟುಂಬದವರು ಮೊದಲು ಏನು ಮಾಡಬೇಕು?’ ಇನ್ನೊಂದು ಪ್ರಶ್ನೆ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಘಟನೆಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ತಕ್ಕ ಕಾರಣ ಕೊಡಬೇಕಾಗುತ್ತೆ. ಟಿಕೆಟ್, ಸೀಸನ್ ಪಾಸ್ ಅಥವಾ ಮೊಬೈಲ್ ಟಿಕೆಟ್‌ನ ದಾಖಲೆ, ರೈಲ್ವೆ ಪೊಲೀಸರ ಎಫ್‌ಐಆರ್, ಆಸ್ಪತ್ರೆಯ ಕಾಗದ ಇವನ್ನು ಇಟ್ಟುಕೊಳ್ಳಿ. ಗುತ್ತಿಗೆ ಕೆಲಸಗಾರರು ಹಾಜರಿ ಪುಸ್ತಕದ ಫೋಟೋ, ಸಂಬಳ ಬಂದ ಬ್ಯಾಂಕ್ ಚೀಟಿ, ಗುರುತಿನ ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು. ‘ಇವರು ನಮ್ಮವರಲ್ಲ’ ಅಂತ ಯಾರಾದರೂ ಅಂದಾಗ ಉತ್ತರ ಕೊಡೋದು ಆ ಕಾಗದಗಳೇ. ಹೆಸರು ಎಲ್ಲಿ ಬರೆದಿದೆ, ಯಾವ ಪದದ ಕೆಳಗೆ ಬರೆದಿದೆ ಅಂತ ಬದುಕಿರುವಾಗಲೇ ಒಮ್ಮೆ ಓದಿ ನೋಡಿಕೊಳ್ಳಿ.