ತಂಬಾಕಿನ ಘಾಟು ಇಲ್ಲದ ಹೊಗೆ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಹುಕ್ಕೇರಿ ತಾಲೂಕಿನ ಹತ್ತರಗಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡಿದವರಿಗೆ ಟೋಲ್ ನಾಕಾದಿಂದಲಾದರೂ ಹೆಸರು ಗೊತ್ತಿರುತ್ತದೆ. ರಾತ್ರಿ ಊಟ ಮುಗಿಸಿ ಮಾಳಿಗೆ ಹತ್ತಿದರೆ, ಒಂಬತ್ತನೇ ಕ್ಲಾಸಿನ ಅಣ್ಣನ ಮಗ ಮೂಲೆಯಲ್ಲಿ ನಿಂತಿದ್ದ. ಕೈಯಲ್ಲಿ ನನ್ನದೇ ವೇಪ್!

ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಚಾರ್ಜರ್ ಹುಡುಕುವಾಗ ಸಿಕ್ಕಿತ್ತಂತೆ. ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕೇಳಿದ: “ಕಾಕಾ, ಇದರಾಗ ತಂಬಾಕ ಇಲ್ಲಲ್ಲ? ಬರೀ ಮಾವಿನಹಣ್ಣಿನ ವಾಸನಿ ಐತಿ. ನೀನೂ ಸೇದ್ತಿ.”

ನನ್ನ ಬಾಯಿ ಕಟ್ಟಿತು. ಸಿಗರೇಟ್ ಬಿಡುವ ನೆಪದಲ್ಲಿ ಗೆಳೆಯನಿಂದ ಇದನ್ನು ತರಿಸಿಕೊಂಡಾಗ ನಾನು ಹೇಳಿಕೊಂಡಿದ್ದೂ ಅದೇ ಮಾತು. ಕೊನೆಗೆ ಸಿಗರೇಟೂ ಪೂರ್ತಿ ಬಿಡಲಿಲ್ಲ, ಇದೂ ಅಂಟಿಕೊಂಡಿತು.

ನಮ್ಮ ಕಡೆ ತಂಬಾಕು ಹೊಸದಲ್ಲ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಇದೇ ಹೆದ್ದಾರಿಯಲ್ಲಿದೆ. ನಮ್ಮಜ್ಜಿ ಅಲ್ಲಿನ ವಖಾರದಲ್ಲಿ ದುಡಿದವಳು. ಮನೆಯಲ್ಲಿ ಯಾರೇ ಬೀಡಿ ಸೇದಿ ಬಂದರೂ ಹೊಸ್ತಿಲಲ್ಲೇ ಹಿಡಿಯುತ್ತಿದ್ದಳು. ಆದರೆ ಈ ವಸ್ತುವಿಗೆ ಘಾಟೂ ಇಲ್ಲ, ಬೂದಿಯೂ ಇಲ್ಲ. ನೋಡಲು ಪೆನ್ ಡ್ರೈವ್. ವೈನಿ ಅದನ್ನು ಎರಡು ಸಲ ಟೇಬಲ್ ಮೇಲಿಂದ ಎತ್ತಿಟ್ಟಿದ್ದರಂತೆ, ಏನೆಂದು ಗೊತ್ತಾಗಿರಲಿಲ್ಲ.

ಒಳಗಿರುವುದು ಇಷ್ಟೇ: ಬ್ಯಾಟರಿ, ಬಿಸಿಯಾಗುವ ಸುರುಳಿ, ಒಂದು ದ್ರವ. ತಂಬಾಕಿನ ಎಲೆ ಇರುವುದಿಲ್ಲ ನಿಜ, ಆದರೆ ಹೆಚ್ಚಿನವುಗಳಲ್ಲಿ ನಿಕೋಟಿನ್ ಇರುತ್ತದೆ. ಚಟ ಹತ್ತಿಸುವುದು ಅದೇ. ಮಿದುಳು ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಹಾಗಾಗಿ ಹದಿನಾಲ್ಕರ ಹುಡುಗನಿಗೆ ನಮಗಿಂತ ಬೇಗ ಚಟ ಹತ್ತುತ್ತದೆ. ಗಮನ, ಕಲಿಕೆಗೂ ಪೆಟ್ಟು ಬೀಳಬಹುದು.

ಇಂದಿನ ಇ-ಸಿಗರೇಟ್ ಹುಟ್ಟಿದ್ದು ಚೀನಾದಲ್ಲಿ. ಹೊನ್ ಲಿಕ್ ಎಂಬ ಔಷಧ ತಜ್ಞ 2003ರಲ್ಲಿ ಇದನ್ನು ರೂಪಿಸಿದ್ದು ತನ್ನ ಸಿಗರೇಟ್ ಬಿಡಲೆಂದು. ಆದರೆ ಅದು ಮಕ್ಕಳ ಕೈಗೂ ಹೋಯಿತು. ಅಲ್ಲಿನ ಸಮೀಕ್ಷೆಗಳಲ್ಲಿ ಇ-ಸಿಗರೇಟ್ ಹೆಸರು ಕೇಳಿದ್ದ ಮಾಧ್ಯಮಿಕ ಶಾಲೆಯ ಮಕ್ಕಳು 2014ರಲ್ಲಿ ಶೇ 45ರಷ್ಟಿದ್ದರು, 2019ಕ್ಕೆ ಸುಮಾರು ಶೇ 70. ಬಳಸುವವರೂ ಶೇ 1.2ರಿಂದ 2.7ಕ್ಕೇರಿದರು. ಅಂದರೆ ಹೆಸರು ಗೊತ್ತಾದ ಮಾತ್ರಕ್ಕೆ ಅಪಾಯ ಗೊತ್ತಾಯಿತು ಅಂತಲ್ಲ. ಹಣ್ಣಿನ ಸ್ವಾದದ ಇ-ಸಿಗರೇಟುಗಳ ಮಾರಾಟವನ್ನು ಚೀನಾ 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು.

ನಮ್ಮಲ್ಲಿ ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರಿದರೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೂ ನನ್ನಂಥವರ ಬ್ಯಾಗಿನಲ್ಲಿ ಕೂತು ಹತ್ತರಗಿಯವರೆಗೂ ಬಂತಲ್ಲ!

ಅವತ್ತು ಮಾಳಿಗೆಯಲ್ಲೇ ಅವನ ಪಕ್ಕ ಕೂತು ನಿಜ ಹೇಳಿದೆ. “ಇದರಾಗೂ ನಿಕೋಟಿನ್ ಐತಿ. ನನಗ ಬಿಡಾಕ ಆಗವಲ್ದು. ನೀ ಶುರು ಮಾಡಬ್ಯಾಡ.” ಬೈದಿದ್ದರೆ ಬಚ್ಚಿಟ್ಟು ಸೇದುವುದನ್ನು ಕಲಿಯುತ್ತಿದ್ದನೇನೋ. ನಾ ಸೋತಿದ್ದನ್ನು ಹೇಳಿದ್ದಕ್ಕೆ ಸುಮ್ಮನೆ ಕೇಳಿಸಿಕೊಂಡ.

ನಿಮ್ಮ ಮನೆಯಲ್ಲೂ ಹರೆಯದ ಮಕ್ಕಳಿದ್ದರೆ, ಕಾರಣವಿಲ್ಲದೆ ಹಣ್ಣಿನ ಸಿಹಿ ವಾಸನೆ ಬಂದರೆ, ಗೊತ್ತಿಲ್ಲದ ಪೆನ್ ಡ್ರೈವ್ ಕಂಡರೆ ಒಮ್ಮೆ ಮಾತಾಡಿಸಿ. ಅದಕ್ಕೂ ಮೊದಲು ನಿಮ್ಮ ಬ್ಯಾಗ್ ನೋಡಿಕೊಳ್ಳಿ. ಬಿಡಬೇಕೆಂದಿದ್ದರೆ 1800-11-2356 ಸರ್ಕಾರದ ಉಚಿತ ಸಹಾಯವಾಣಿ; ನಾನೂ ಅಲ್ಲಿಂದಲೇ ಶುರು ಮಾಡಿದೆ.

ಈಗ ಪ್ರತಿ ಭಾನುವಾರ ಊರಿಂದ ಫೋನ್ ಬರುತ್ತದೆ. ಆರಾಮ ಇದ್ದೀಯಾ ಅಂತ ಕೇಳೋದೇ ಇಲ್ಲ, ಅವನದು ಒಂದೇ ಪ್ರಶ್ನೆ: “ಕಾಕಾ, ಎಷ್ಟು ದಿನಾ ಆತು?”

ಸುಳ್ಳು ಹೇಳಲು ಧೈರ್ಯ ಬರುವುದಿಲ್ಲ. ಹಾಗಾಗಿ ಸೇದುವುದೂ ಇಲ್ಲ.