ಹಾಳೆಯಿಂದ ಮೇಲೆದ್ದ ಇಂಗಾಲ

ಹುಳಿತ ಹಾಲಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಪ್ರಾಣಿಗಳ ಸ್ನಾಯುವಿನಲ್ಲೂ ಸಿಗುತ್ತದೆ. ಜರ್ಮನ್ ರಸಾಯನಜ್ಞ ಯೊಹಾನೆಸ್ ವಿಸ್ಲಿಸೀನಸ್ ಎರಡನ್ನೂ ಜಾಲಾಡಿದ. ಯಾವ ಪರಮಾಣು ಯಾವುದರ ಜೊತೆ ಕೂಡಿದೆ ಎಂಬ ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಸ್ನಾಯುವಿನದು ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ತಿರುಗಿಸುತ್ತಿತ್ತು, ಹಾಲಿನದು ತಿರುಗಿಸುತ್ತಿರಲಿಲ್ಲ. ಪರಮಾಣುಗಳು ಅಣುವಿನೊಳಗೆ ಜಾಗ ಹಿಡಿದಿರುವ ರೀತಿಯಲ್ಲೇ ವ್ಯತ್ಯಾಸವಿರಬೇಕು ಎಂದು 1873ರಲ್ಲಿ ಆತ ಹೇಳಿದ. ಆ ರೀತಿ ಎಂಥದ್ದು? ಅದು ಗೊತ್ತಾಗಲಿಲ್ಲ.

ಮರುವರ್ಷವೇ ಅದಕ್ಕೆ ಉತ್ತರ ಬಂತು. ಕೊಟ್ಟವನು ಯಾಕೋಬಸ್ ವಾಂಟ್ ಹಾಫ್ ಎಂಬ 22ರ ಡಚ್ ಹುಡುಗ. ಡಾಕ್ಟರೇಟ್ ಇನ್ನೂ ಕೈಗೆ ಬಂದಿರಲಿಲ್ಲ. 1874ರ ಸೆಪ್ಟೆಂಬರಿನಲ್ಲಿ ಉಟ್ರೆಕ್ಟಿನಲ್ಲಿ ಒಂದು ಕಿರುಹೊತ್ತಗೆ ಅಚ್ಚುಹಾಕಿಸಿದ. ತರ್ಕ ಬಲು ಸರಳ. ಮೀಥೇನ್ ಅಣುವಿನ ನಾಲ್ಕು ಜಲಜನಕಗಳಲ್ಲಿ ಎರಡನ್ನು ತೆಗೆದು ಕ್ಲೋರೀನ್ ಕೂರಿಸೋಣ. ಅಣು ಹಾಳೆಯ ಮೇಲೆ ಬರೆದ ಹಾಗೆ ಚಪ್ಪಟೆ ಚೌಕವಾಗಿದ್ದರೆ ಕ್ಲೋರೀನುಗಳು ಅಕ್ಕಪಕ್ಕದ ಮೂಲೆಗಳಲ್ಲೂ ಕೂರಬಹುದು, ಎದುರುಬದುರಾಗಿಯೂ ಕೂರಬಹುದು. ಆಗ ಎರಡು ಬೇರೆಬೇರೆ ವಸ್ತುಗಳು ಸಿಗಬೇಕಿತ್ತು. ಸಿಗುತ್ತಿದ್ದದ್ದು ಒಂದೇ. ಇಂಗಾಲವನ್ನು ನಡುವೆ ಇಟ್ಟು, ನಾಲ್ಕು ತ್ರಿಕೋನ ಮುಖಗಳ ಚತುರ್ಮುಖಿಯ ಮೂಲೆಗಳಲ್ಲಿ ಉಳಿದವನ್ನು ಕೂರಿಸಿದರೆ ತೊಡಕೇ ಇಲ್ಲ: ಯಾವ ಎರಡು ಮೂಲೆ ಆರಿಸಿಕೊಂಡರೂ ಅವು ಅಕ್ಕಪಕ್ಕದವೇ. ಕಣ್ಣಿಗೆ ಕಾಣದ ಅಣುವಿನ ಆಕಾರವನ್ನು, ಸಿಗದೇ ಹೋದ ಒಂದು ವಸ್ತುವಿನಿಂದ ಕಂಡುಕೊಳ್ಳುವ ಈ ಜಾಣತನ ನನಗೆ ಇಡೀ ಕತೆಯಲ್ಲೇ ಹೆಚ್ಚು ಇಷ್ಟ.

ನಾಲ್ಕು ಮೂಲೆಗಳಲ್ಲೂ ಬೇರೆಬೇರೆ ಗುಂಪುಗಳಿದ್ದರೆ ಅಣು ಎಡಗಾಲು ಬಲಗಾಲಿನ ಚಪ್ಪಲಿಗಳಂತೆ ಎರಡು ರೂಪ ತಳೆಯುತ್ತದೆ. ಲ್ಯಾಕ್ಟಿಕ್ ಆಮ್ಲದ ನಡುವಿನ ಇಂಗಾಲ ಅಂಥದ್ದೇ. ಸ್ನಾಯುವಿನಲ್ಲಿ ಒಂದೇ ರೂಪವಿದೆ. ವಿಸ್ಲಿಸೀನಸ್ ನೋಡಿದ ಹಾಲಿನ ಆಮ್ಲದಲ್ಲಿ ಎರಡೂ ಸಮಪಾಲು. ಒಂದು ತಿರುಗಿಸಿದ್ದನ್ನು ಇನ್ನೊಂದು ಅಷ್ಟೇ ಹಿಂದಕ್ಕೆ ತಿರುಗಿಸುತ್ತಿತ್ತು.

ಎರಡು ತಿಂಗಳ ಅಂತರದಲ್ಲಿ ಫ್ರಾನ್ಸಿನ ಲ ಬೆಲ್ ಕೂಡ ಇದೇ ತೀರ್ಮಾನ ಪ್ರಕಟಿಸಿದ. ಇಬ್ಬರೂ ಪ್ಯಾರಿಸ್ಸಿನಲ್ಲಿ ರಸಾಯನಜ್ಞ ವುರ್ಟ್ಸ್‌ನ ಪ್ರಯೋಗಶಾಲೆಯಲ್ಲಿದ್ದವರು, ಆದರೆ ಒಬ್ಬರದು ಇನ್ನೊಬ್ಬರಿಗೆ ತಿಳಿದಿರಲಿಲ್ಲ.

1877ರಲ್ಲಿ ವಾಂಟ್ ಹಾಫನ ಬರಹ ವಿಸ್ಲಿಸೀನಸ್‌ನ ಮುನ್ನುಡಿಯೊಡನೆ ಜರ್ಮನ್ ಭಾಷೆಗೆ ಬಂದಾಗ ಲೈಪ್‌ಜಿಗ್‌ನ ಹರ್ಮನ್ ಕೋಲ್ಬೆ ಕೆಂಡಕಾರಿದ. ವಾಂಟ್ ಹಾಫ್ ಅಷ್ಟರಲ್ಲಿ ಉಟ್ರೆಕ್ಟಿನ ಪಶುವೈದ್ಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ರೆಕ್ಕೆಯ ಕುದುರೆಯೊಂದನ್ನು ಅಲ್ಲಿಂದಲೇ ಎರವಲು ತಂದು ಸವಾರಿ ಹೊರಟಿದ್ದಾನೆ ಎಂದು ಕೋಲ್ಬೆ ಆಡಿಕೊಂಡ. ಈತ ದಡ್ಡನಲ್ಲ, ಅಸಿಟಿಕ್ ಆಮ್ಲವನ್ನು ನಿರವಯವ ವಸ್ತುಗಳಿಂದ ತಯಾರಿಸಿ ತೋರಿಸಿದ ದೊಡ್ಡ ರಸಾಯನಜ್ಞ. ಪರಮಾಣು ಎಲ್ಲಿ ಕೂತಿದೆ ಎಂದು ಯಾರೂ ನೋಡಿಲ್ಲವಲ್ಲ ಎಂಬ ಅವನ ತಕರಾರು ಆ ಹೊತ್ತಿಗೆ ನ್ಯಾಯವಾದದ್ದೇ, ಬೈಗುಳ ಮಾತ್ರ ಅತಿಯಾಯಿತು. 1884ರಲ್ಲಿ ಅವನು ತೀರಿಕೊಂಡ ಮೇಲೆ ಲೈಪ್‌ಜಿಗ್‌ನ ಅವನ ಪ್ರಾಧ್ಯಾಪಕ ಪೀಠಕ್ಕೆ ಬಂದವನು ವಿಸ್ಲಿಸೀನಸ್! ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ 1901ರಲ್ಲಿ ವಾಂಟ್ ಹಾಫನಿಗೇ ಸಿಕ್ಕಿತು, ಅದೂ ಬೇರೆಯದೇ ಕೆಲಸಕ್ಕೆ.

ಕೋಲ್ಬೆ ಕೇಳುತ್ತಿದ್ದಂಥ ಪುರಾವೆ ಒದಗಿದ್ದು 1913ರಲ್ಲಿ. ಬ್ರ್ಯಾಗ್ ತಂದೆ-ಮಗ ವಜ್ರಕ್ಕೆ ಎಕ್ಸ್-ಕಿರಣ ಹಾಯಿಸಿ ಪರಮಾಣುಗಳ ನೆಲೆಯನ್ನು ಲೆಕ್ಕಹಾಕಿದಾಗ, ಪ್ರತಿ ಇಂಗಾಲದ ಸುತ್ತ ನಾಲ್ಕು ಇಂಗಾಲಗಳು ಚತುರ್ಮುಖಿಯ ಮೂಲೆಗಳಲ್ಲೇ ಇದ್ದವು, ಯಾವ ಎರಡು ಬಂಧಗಳ ನಡುವೆಯೂ ಸುಮಾರು 109.5 ಡಿಗ್ರಿ ಕೋನದಲ್ಲಿ.