ಮೂತ್ರಪಿಂಡ ಕಸಿಯ ನಂತರ ತೋಟದ ಕೆಲಸ

ಗಿಡದ ಕಸಿ ಒಮ್ಮೆ ಕೂಡಿಕೊಂಡರೆ ಚಿಂತೆಯಿಲ್ಲ. ಮೂತ್ರಪಿಂಡದ ಕಸಿ ಹಾಗಲ್ಲ. ಹೊಸ ಮೂತ್ರಪಿಂಡವನ್ನು ಶರೀರವು ಸದಾ ಪರಕೀಯವೆಂದೇ ಎಣಿಸುತ್ತದೆ. ಆದ್ದರಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು, ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಅದು ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ಕೊಯ್ಲಿನ ಗಡಿಬಿಡಿಯಲ್ಲಿ ಮರೆಯುತ್ತ ಹೋದರೆ, ಇಲ್ಲವೇ 'ಈಗ ಗುಣವಾಯಿತಲ್ಲ' ಎಂದು ಬಿಟ್ಟರೆ, ಮನೆಯವರೇ ಕೊಟ್ಟ ಮೂತ್ರಪಿಂಡ ಕೈತಪ್ಪಬಹುದು.

ಹೊಸದನ್ನು ಕೂರಿಸುವುದು ಬೆನ್ನಿನ ಕಡೆಗಲ್ಲ, ಕಿಬ್ಬೊಟ್ಟೆಯಲ್ಲಿ. ಮೊದಲ 6ರಿಂದ 8 ವಾರ ಮೂಟೆ, ಕೊಡಪಾನ ಎತ್ತಬಾರದು. ಆಮೇಲೂ ಅಲ್ಲಿಗೆ ಪೆಟ್ಟು ಬೀಳಬಾರದು. ನಡಿಗೆಗೆ, ಲೆಕ್ಕಪತ್ರಕ್ಕೆ ಅಡ್ಡಿಯಿಲ್ಲ.

ಗೊಬ್ಬರಗುಂಡಿ ಕೆದಕುವುದು, ಬೂಷ್ಟು ಹಿಡಿದ ಅಡಿಕೆ ಸಿಪ್ಪೆ ಎಳೆದುಹಾಕುವುದು ಮಾತ್ರ ಬೇರೆಯವರ ಪಾಲಿಗಿರಲಿ. ನಮಗೆ ಬರೀ ಸೀನು ತರಿಸುವ ಆ ಧೂಳು ಇವರ ಶ್ವಾಸಕೋಶಕ್ಕೇ ಸೋಂಕು ತರಬಹುದು. ಬರಿಗಾಲಲ್ಲಿ ಕೆಸರಿಗಿಳಿಯುವುದೂ ಬೇಡ; ಇಲಿಜ್ವರದ ಭಯವಿದೆ.

ಹಿತ್ತಲಿನ ಚಕ್ಕೋತವನ್ನೂ ತಿನ್ನಬಾರದು. ಹಣ್ಣಿಗೇನು ದೋಷ ಎನ್ನಬಹುದು; ಟ್ಯಾಕ್ರೋಲಿಮಸ್ ಮಾತ್ರೆಯ ಅಂಶವನ್ನು ಅದು ರಕ್ತದಲ್ಲಿ ಮಿತಿಮೀರಿ ಏರಿಸುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಇನ್ನೂ ಅಪಾಯ. ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಕಷಾಯ ಕುಡಿದು ಕಾಯದೆ ಅಂದೇ ವೈದ್ಯರಿಗೆ ತಿಳಿಸಿರಿ.